ಇಂಪ್ಲಾಂಟ್ ಹಲ್ಲು ಸಹಜವಾಗಿ ಕಾಣಲು ಯಾವ ವಸ್ತು: ಕಾಂಪೋಸಿಟ್, ಸೆರಾಮಿಕ್, ಜಿರ್ಕೋನಿಯಾಗಳ ಹೋಲಿಕೆ

ದಾವಣಗೆರೆಗೆ ಹಲ್ಲು ಕಟ್ಟಿಸಿಕೊಳ್ಳಲು ಬರುವವರಲ್ಲಿ ಊರಿನವರಷ್ಟೇ ಸುತ್ತಲಿನವರೂ ಇದ್ದಾರೆ. ಬಾಪೂಜಿ ದಂತ ಮಹಾವಿದ್ಯಾಲಯ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇಲ್ಲಿಯೇ ಇರುವುದರಿಂದ ಜಗಳೂರು, ಚನ್ನಗಿರಿ, ಹರಿಹರಗಳಿಂದಲೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳಿಂದಲೂ ಜನ ಬರುತ್ತಾರೆ. ಇಂಪ್ಲಾಂಟ್ ಹಾಕಿಸಿಕೊಳ್ಳಲು ತೀರ್ಮಾನಿಸಿದವರು ಮೊದಲು ಕೇಳುವುದು ಯಾವ ಮೆಟೀರಿಯಲ್ ಒಳ್ಳೆಯದು ಎಂದು. ಮುಂದಿನ ಹಲ್ಲಾದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ: ನಕ್ಕಾಗ ಅದು ಕಟ್ಟಿಸಿದ ಹಲ್ಲೆಂದು ಯಾರಿಗೂ ಗೊತ್ತಾಗಬಾರದು, ಅದಕ್ಕೆ ಏನು ಹಾಕಿಸಬೇಕು? ಈ ಮಾರ್ಗದರ್ಶಿ ಆ ಎರಡನೆಯ ಪ್ರಶ್ನೆಯನ್ನು ಇಟ್ಟುಕೊಂಡವರಿಗಾಗಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸುವ ಕೆಲಸ ಮಾಡುವವರಿಗೆ ದಿನವೂ ಕಾಣುವ ಸಂಗತಿ ಇದು: ಹೊರಗೆ ಕಾಣುವ ಕೃತಕ ಹಲ್ಲಾದ ಕ್ರೌನಿನ ವಸ್ತು ಎಷ್ಟೇ ದುಬಾರಿಯದಾಗಿರಲಿ, ಅದರ ಕೆಳಗೆ ಏನಿದೆ ಮತ್ತು ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅದರ ಅಂದ ನಿಂತಿದೆ. ಇಂಪ್ಲಾಂಟ್ ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಮೂರು ಭಾಗಗಳಿವೆ. ದವಡೆಯ ಮೂಳೆಯೊಳಗೆ ಕೂರುವ ತಿರುಪು, ವಸಡನ್ನು ಹಾದು ಮೇಲೆ ಬರುವ ಅಬಟ್‌ಮೆಂಟ್, ಅದರ ಮೇಲೆ ಕೂರುವ ಕ್ರೌನ್. ಬಹಳಷ್ಟು ಜನ ಕ್ರೌನನ್ನು ಮೊದಲು ಆರಿಸಿ ಉಳಿದೆರಡನ್ನು ವೈದ್ಯರಿಗೆ ಬಿಟ್ಟುಬಿಡುತ್ತಾರೆ. ಆಯ್ಕೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು.

ಮೂಳೆಯೊಳಗಿನ ತಿರುಪು

ಇಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ತಿರುಪು ಕೂರಿಸಿದ ದಿನದಿಂದ ಈವರೆಗೆ ಆ ಲೋಹ ಪಡೆದಿರುವಷ್ಟು ದೀರ್ಘ ಅನುಭವ ಬೇರೆ ಯಾವ ವಸ್ತುವಿಗೂ ಇಲ್ಲ. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ಕಿನ ತಿರುಪುಗಳೂ ಈಗ ದೊರೆಯುತ್ತವೆ. ಅವು ಬಿಳಿಯಾಗಿರುವುದರಿಂದ ವಸಡು ಸ್ವಲ್ಪ ಇಳಿದರೂ ಕಪ್ಪು ಅಂಚು ಕಾಣುವುದಿಲ್ಲ, ಲೋಹ ಬೇಡವೆನ್ನುವವರಿಗೂ ಅದೊಂದು ದಾರಿ. ಆದರೆ ಅವುಗಳಲ್ಲಿ ಹಲವು ತಿರುಪು ಮತ್ತು ಅಬಟ್‌ಮೆಂಟ್ ಕೂಡಿದ ಒಂದೇ ತುಂಡಾಗಿ ಬರುತ್ತವೆ. ಆದ್ದರಿಂದ ಕೂರಿಸಿದ ಕೋನ ಸ್ವಲ್ಪ ತಪ್ಪಿದರೂ ಮೇಲೆ ಸರಿಪಡಿಸಿಕೊಳ್ಳುವ ಅವಕಾಶ ಕಡಿಮೆ. ವಸಡು ಸಾಕಷ್ಟು ದಪ್ಪವಿದ್ದು ತಿರುಪು ಸರಿಯಾದ ಆಳದಲ್ಲಿದ್ದರೆ ಟೈಟಾನಿಯಂ ಅಂದಕ್ಕೆ ಅಡ್ಡಿ ಬರುವುದಿಲ್ಲ.

ವಸಡಿನ ದಪ್ಪ ಮತ್ತು ಅಬಟ್‌ಮೆಂಟ್

ಅಂದದ ಅರ್ಧ ಪಾಲು ಇಲ್ಲಿ ತೀರ್ಮಾನವಾಗುತ್ತದೆ. ವೈದ್ಯರು ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಲೋಹದ ಪ್ರೋಬನ್ನು ಮೆಲ್ಲಗೆ ಇಳಿಸಿ ನೋಡುವುದುಂಟು. ವಸಡಿನ ಹೊರಗಿನಿಂದ ಆ ಕಡ್ಡಿಯ ಬೂದು ನೆರಳು ಕಂಡರೆ ಆ ವಸಡು ತೆಳು. ಏನೂ ಕಾಣದಿದ್ದರೆ ದಪ್ಪ. ಅರ್ಧ ನಿಮಿಷವೂ ಬೇಡದ ಈ ಪರೀಕ್ಷೆ ಮುಂದಿನ ಆಯ್ಕೆಗಳ ದಿಕ್ಕನ್ನೇ ನಿರ್ಧರಿಸುತ್ತದೆ. ಪ್ರೋಬಿನ ನೆರಳು ತೂರಿ ಬರುವ ವಸಡಿನಲ್ಲಿ ಟೈಟಾನಿಯಂ ಅಬಟ್‌ಮೆಂಟಿನ ನೆರಳೂ ತೂರಿ ಬರುತ್ತದೆ, ಅದರ ಮೇಲೆ ಎಂಥ ಕ್ರೌನ್ ಕೂರಿಸಿದರೂ ಬುಡದಲ್ಲಿ ನೀಲಿ ಬೆರೆತ ಬೂದು ಛಾಯೆ ಉಳಿಯುತ್ತದೆ. ಪ್ರಯೋಗಾಲಯದ ಅಳತೆಗಳ ಪ್ರಕಾರ ವಸಡು ಸುಮಾರು 3 ಮಿ.ಮೀ. ದಪ್ಪವಿದ್ದರೆ ಒಳಗೆ ಯಾವ ವಸ್ತು ಇದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ, 2 ಮಿ.ಮೀ. ಆಸುಪಾಸಿನಲ್ಲಿ ಜಿರ್ಕೋನಿಯಾ ಮರೆಯಾಗುತ್ತದೆ, ಟೈಟಾನಿಯಂ ಸುಳಿವು ಕೊಡುತ್ತದೆ. ಅದಕ್ಕಿಂತ ತೆಳುವಾದರೆ ಎಲ್ಲ ವಸ್ತುಗಳೂ ವಸಡಿನ ಬಣ್ಣವನ್ನು ಸ್ವಲ್ಪವಾದರೂ ಬದಲಿಸುತ್ತವೆ.

ತೆಳು ವಸಡಿನವರಿಗೆ ಮೂರು ದಾರಿಗಳಿವೆ. ಬಾಯಿಯ ಅಂಗುಳಿನಿಂದ ಅಂಗಾಂಶ ತೆಗೆದು ವಸಡನ್ನು ದಪ್ಪಮಾಡಿಸುವುದು ಮೊದಲನೆಯದು. ಇನ್ನೊಂದು ಸಣ್ಣ ಶಸ್ತ್ರಚಿಕಿತ್ಸೆ ಬೇಕಾದರೂ ಎಲ್ಲಕ್ಕಿಂತ ಬಾಳಿಕೆಯ ಪರಿಹಾರ ಇದೇ ಎಂಬುದು ನನ್ನ ನಂಬಿಕೆ. ಎರಡನೆಯದು, ಟೈಟಾನಿಯಂ ಮೇಲ್ಮೈಗೆ ಚಿನ್ನದ ಅಥವಾ ಗುಲಾಬಿ ಬಣ್ಣ ಬರಿಸುವುದು. ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ಬೇಕಾದ ದಪ್ಪಕ್ಕೆ ಬೆಳೆಸಿದಾಗ ಬೆಳಕಿನ ತರಂಗಗಳ ಹೆಣೆತದಿಂದಲೇ ಈ ಬಣ್ಣ ಹುಟ್ಟುತ್ತದೆ, ಬಣ್ಣದ ಪುಡಿಯ ಅಗತ್ಯವಿಲ್ಲ. ಖರ್ಚು ಕಡಿಮೆ, ಬೂದು ಛಾಯೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಮೂರನೆಯದು ಜಿರ್ಕೋನಿಯಾ ಅಬಟ್‌ಮೆಂಟ್. ಇಲ್ಲಿ ಒಂದು ಎಚ್ಚರಿಕೆ ಬೇಕು. ಪೂರ್ತಿ ಜಿರ್ಕೋನಿಯಾದ ಅಬಟ್‌ಮೆಂಟ್ ನೇರವಾಗಿ ಟೈಟಾನಿಯಂ ತಿರುಪಿನೊಳಗೆ ಕೂತರೆ ಎರಡರ ಗಡಸುತನದ ವ್ಯತ್ಯಾಸದಿಂದ ತಿರುಪಿನ ಒಳಬದಿ ಸವೆಯಬಹುದು, ಕಿರಿದಾದ ಭಾಗದಲ್ಲಿ ಜಿರ್ಕೋನಿಯಾ ಮುರಿಯಲೂಬಹುದು. ಟೈಟಾನಿಯಂ ಬೇಸಿನ ಮೇಲೆ ಜಿರ್ಕೋನಿಯಾವನ್ನು ಅಂಟಿಸಿದ ಜೋಡಿ ಅಬಟ್‌ಮೆಂಟ್ ಅದಕ್ಕಿಂತ ಸುರಕ್ಷಿತ. ಜೋಡಣೆಯ ಜಾಗದಲ್ಲಿ ಲೋಹಕ್ಕೆ ಲೋಹ, ವಸಡಿನ ಜಾಗದಲ್ಲಿ ಬಿಳಿ ವಸ್ತು.

ಕ್ರೌನ್: ಸೆರಾಮಿಕ್ ಕುಟುಂಬ

ಲೋಹದ ಮೇಲೆ ಪಿಂಗಾಣಿ ಪದರ ಬೇಯಿಸಿದ ಹಳೆಯ ಬಗೆಯ ಕ್ರೌನ್ ಈಗಲೂ ಎಲ್ಲಕ್ಕಿಂತ ಅಗ್ಗ. ಹಿಂದಿನ ದವಡೆಗೆ ಅದನ್ನು ಹಾಕಿಸಿಕೊಂಡರೆ ನಷ್ಟವೇನಿಲ್ಲ. ಮುಂಭಾಗದಲ್ಲಿ ಮಾತ್ರ ಒಳಗಿನ ಲೋಹ ಬೆಳಕನ್ನು ಪೂರ್ತಿ ತಡೆಯುವುದರಿಂದ ಹಲ್ಲು ಜೀವವಿಲ್ಲದಂತೆ ಕಾಣುತ್ತದೆ.

ಜಿರ್ಕೋನಿಯಾ ಎಂದರೆ ಒಂದೇ ವಸ್ತು ಎಂದು ತಿಳಿಯುವುದು ಸಾಮಾನ್ಯ. ಅದರಲ್ಲಿ ಬೆರೆಸುವ ಇಟ್ರಿಯಾ ಎಂಬ ಆಕ್ಸೈಡಿನ ಪ್ರಮಾಣಕ್ಕೆ ತಕ್ಕಂತೆ ಗುಣವೇ ಬದಲಾಗುತ್ತದೆ. ಸುಮಾರು 3 ಮೋಲ್ ಪ್ರತಿಶತ ಇಟ್ರಿಯಾ ಇರುವ ಬಗೆಯ ಬಾಗುಬಲ, ಅಂದರೆ ಬಾಗಿಸುವ ಒತ್ತಡಕ್ಕೆ ಮುರಿಯದೆ ನಿಲ್ಲುವ ಶಕ್ತಿ, 900ರಿಂದ 1200 ಮೆಗಾಪಾಸ್ಕಲ್. ಬಿರುಕು ಹರಿಯಲು ಹೊರಟರೆ ಅದರ ಹರಳುಗಳು ರೂಪ ಬದಲಿಸಿ ತುಸು ಹಿಗ್ಗಿ ಆ ಬಿರುಕನ್ನು ಅದುಮಿ ಹಿಡಿಯುತ್ತವೆ. ಆದರೆ ಅವೇ ಹರಳುಗಳು ಬೆಳಕನ್ನು ಚದುರಿಸುವುದರಿಂದ ಅದು ಸುಣ್ಣದ ಬಿಳುಪಿನಂತೆ ಅಪಾರದರ್ಶಕ. ಇಟ್ರಿಯಾವನ್ನು 5 ಮೋಲ್ ಪ್ರತಿಶತಕ್ಕೆ ಏರಿಸಿದರೆ ಘನಾಕೃತಿಯ ಹರಳುಗಳು ಹೆಚ್ಚಿ ಬೆಳಕು ಸಲೀಸಾಗಿ ಹಾಯುತ್ತದೆ, ಜೊತೆಗೆ ಬಿರುಕು ತಡೆಯುವ ಶಕ್ತಿಯ ಬಹುಪಾಲು ಹೋಗಿ ಬಲ 500ರಿಂದ 700ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ "ಜಿರ್ಕೋನಿಯಾ ಹಾಕಿಸಿದ್ದೇನೆ" ಎಂಬ ಮಾತಿನಿಂದ ಬಲವೂ ತಿಳಿಯುವುದಿಲ್ಲ, ಅಂದವೂ ತಿಳಿಯುವುದಿಲ್ಲ. ಯಾವ ಬಗೆಯದು ಎಂದು ಕೇಳಿ ಬರೆಸಿಕೊಳ್ಳಬೇಕು.

ಲಿಥಿಯಂ ಡೈಸಿಲಿಕೇಟ್ ಗಾಜು ಬೆರೆತ ಸೆರಾಮಿಕ್. ಬಲ 360ರಿಂದ 400 ಮೆಗಾಪಾಸ್ಕಲ್. ಹಲ್ಲಿನ ಹೊರಪದರವಾದ ಎನಾಮಲಿನ ಪಾರಭಾಸಕ ಗುಣಕ್ಕೆ ಇದು ಬಹಳ ಹತ್ತಿರ ಬರುತ್ತದೆ, ಒಂಟಿ ಮುಂಭಾಗದ ಹಲ್ಲಿಗೆ ನನ್ನ ಮೊದಲ ಒಲವು ಇದರ ಕಡೆಗೇ. ಇದರ ಗುಣವೇ ಇದರ ತೊಡಕೂ ಆಗುತ್ತದೆ: ಕೆಳಗೆ ಬೂದು ಲೋಹವಿದ್ದರೆ ಅದನ್ನೂ ತೋರಿಸುತ್ತದೆ. ಆದ್ದರಿಂದ ಬಿಳಿ ಅಬಟ್‌ಮೆಂಟ್ ಇದ್ದಾಗ ಮಾತ್ರ ಇದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಲೋಹವನ್ನು ಮುಚ್ಚುವ ಅಪಾರದರ್ಶಕ ಸಿಮೆಂಟ್ ಮತ್ತು ಸಾಕಷ್ಟು ದಪ್ಪ ಎರಡೂ ಒದಗಬೇಕು.

ಕಾಂಪೋಸಿಟ್: ಅದರ ಶಕ್ತಿ ಎಲ್ಲಿ, ಮಿತಿ ಎಲ್ಲಿ

ಕಾಂಪೋಸಿಟ್ ಎಂದರೆ ರಾಳದೊಳಗೆ ಗಾಜಿನ ಅಥವಾ ಸಿಲಿಕಾದ ಸೂಕ್ಷ್ಮ ಕಣಗಳನ್ನು ಹುದುಗಿಸಿ, ಎರಡನ್ನೂ ಸೈಲೇನ್ ಎಂಬ ಬಂಧಕದಿಂದ ಬೆಸೆದ ವಸ್ತು. ಅಮೆರಿಕದ ದಂತ ಸಂಶೋಧಕ ರಾಫೆಲ್ ಬೋವೆನ್ ರೂಪಿಸಿ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರಾಳ ಇಂದಿಗೂ ಹಲವು ಕಾಂಪೋಸಿಟ್‌ಗಳ ಬೆನ್ನೆಲುಬು. ಇದರ ಅಂದ ಒಂದು ಸರಳ ತತ್ತ್ವದ ಮೇಲೆ ನಿಂತಿದೆ. ರಾಳದ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಮತ್ತು ಕಣಗಳ ವಕ್ರೀಭವನಾಂಕ ಹತ್ತಿರವಿದ್ದರೆ ಬೆಳಕು ಅಡೆತಡೆಯಿಲ್ಲದೆ ಹಾಯುತ್ತದೆ, ನೀರಿಗೆ ಹಾಕಿದ ಮಂಜುಗಡ್ಡೆಯ ಅಂಚು ಕಣ್ಣಿಗೆ ಮಸುಕಾಗುವಂತೆ. ಅಂತರ ಹೆಚ್ಚಿದರೆ ಪ್ರತಿ ಕಣದ ಅಂಚಿನಲ್ಲೂ ಬೆಳಕು ಚದುರಿ ವಸ್ತು ಮಂಕಾಗುತ್ತದೆ. ಬಿಸ್-ಜಿಎಂಎಯ ಅಂಕ ಸುಮಾರು 1.55, ಅದನ್ನು ತೆಳುಮಾಡಲು ಸೇರಿಸುವ ಟೆಗ್‌ಡಿಎಂಎ ಎಂಬ ರಾಳದ್ದು ಸುಮಾರು 1.46. ಎರಡರ ಪ್ರಮಾಣವನ್ನು ಹೊಂದಿಸುತ್ತ, ಸರಿಯಾದ ಗಾಜನ್ನು ಆರಿಸುತ್ತ ಎನಾಮಲಿನಂತಹ ಪದರವನ್ನೂ ಅದರ ಒಳಗಿರುವ ಡೆಂಟಿನಿನಂತಹ ಪದರವನ್ನೂ ಬೇರೆ ಬೇರೆಯಾಗಿ ತಯಾರಿಸಬಹುದು. ಕಣಗಳ ಗಾತ್ರವೂ ಮುಖ್ಯ. ಹಳೆಯ ಕಾಂಪೋಸಿಟ್‌ಗಳಲ್ಲಿ ಹತ್ತಾರು ಮೈಕ್ರಾನ್ ಗಾತ್ರದ ಕಣಗಳಿದ್ದವು. ರಾಳ ಸವೆದಂತೆ ಅವು ಉದುರಿ ಮೇಲ್ಮೈ ಒರಟಾಗಿ ಹೊಳಪು ಹೋಗುತ್ತಿತ್ತು. ನ್ಯಾನೋ ಕಣಗಳು ಬಂದ ಮೇಲೆ ಹೊಳಪು ಬಹುಕಾಲ ನಿಲ್ಲುತ್ತದೆ.

ಕಾಂಪೋಸಿಟ್ ಕಡೆಗೆ ವಾಲಲು ಇರುವ ಬಲವಾದ ಕಾರಣ ರಿಪೇರಿ. ಸೆರಾಮಿಕ್ಕಿನಿಂದ ದೊಡ್ಡ ಚಕ್ಕೆ ಎದ್ದರೆ ಸಾಮಾನ್ಯವಾಗಿ ಕ್ರೌನನ್ನೇ ಬದಲಿಸಬೇಕಾಗುತ್ತದೆ. ಕಾಂಪೋಸಿಟ್ ಒಡೆದರೆ ಆ ಭಾಗವನ್ನು ಒರಟುಮಾಡಿ ಬಾಂಡಿಂಗ್ ದ್ರವ ಹಚ್ಚಿ ಬಾಯಿಯಲ್ಲೇ ಮತ್ತೆ ಕಟ್ಟಬಹುದು, ಬಣ್ಣ ಹೊಂದದಿದ್ದರೆ ಕುರ್ಚಿಯಲ್ಲೇ ತಿದ್ದಬಹುದು. ಇನ್ನೊಂದು ಕಾರಣವನ್ನು ಮಾರಾಟಗಾರರು ಜೋರಾಗಿ ಹೇಳುತ್ತಾರೆ: ಕಾಂಪೋಸಿಟ್ ಮೃದುವಾದ್ದರಿಂದ ಅಗಿಯುವ ಹೊಡೆತವನ್ನು ಹೀರಿಕೊಳ್ಳುತ್ತದೆ ಎಂದು. ಸಹಜ ಹಲ್ಲು ತನ್ನ ಬೇರಿನ ಸುತ್ತಲಿನ ನಾರುಗಳಿಂದಾಗಿ 25ರಿಂದ 100 ಮೈಕ್ರಾನ್‌ನಷ್ಟು ಕೆಳಗಿಳಿಯುತ್ತದೆ, ಮೂಳೆಗೆ ಬೆಸೆದ ಇಂಪ್ಲಾಂಟ್ 3ರಿಂದ 5 ಮೈಕ್ರಾನ್ ಮಾತ್ರ ಅಲುಗುತ್ತದೆ ಎಂಬುದು ನಿಜ. ಪ್ರಯೋಗಾಲಯದ ಯಂತ್ರದಲ್ಲಿ ಕಾಂಪೋಸಿಟ್ ಕ್ರೌನ್ ಹೊಡೆತದ ತುದಿಬಲವನ್ನು ತಗ್ಗಿಸುವುದೂ ನಿಜ. ಅದರಿಂದ ಮೂಳೆ ಹೆಚ್ಚು ಕಾಲ ಉಳಿಯುತ್ತದೆ ಎಂದು ರೋಗಿಗಳಲ್ಲಿ ಸ್ಪಷ್ಟವಾಗಿ ಸಾಬೀತಾಗಿಲ್ಲ. ಈ ಒಂದು ಮಾತಿಗೆ ಮನಸೋತು ಯಾರೂ ವಸ್ತುವನ್ನು ಆರಿಸಬಾರದು.

ಕಾರ್ಖಾನೆಯಲ್ಲಿ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಗಟ್ಟಿಗೊಳಿಸಿದ ಬ್ಲಾಕಿನಿಂದ ಕೊರೆದ ಕ್ರೌನ್ ಕೈಯಿಂದ ಕಟ್ಟಿದ್ದಕ್ಕಿಂತ ದೃಢ. ಅದರಲ್ಲಿ ಎರಡು ಬಗೆಗಳಿವೆ. ರಾಳದಲ್ಲಿ ನ್ಯಾನೋ ಸೆರಾಮಿಕ್ ತುಂಬಿದ್ದು ಒಂದು. ಇದರ ಬಲ 200 ಮೆಗಾಪಾಸ್ಕಲ್ ಆಸುಪಾಸು. ಸೆರಾಮಿಕ್ಕಿನ ಜಾಲವನ್ನು ಮೊದಲು ಬೇಯಿಸಿ ಅದರ ರಂಧ್ರಗಳಿಗೆ ರಾಳ ಇಳಿಸಿದ್ದು ಇನ್ನೊಂದು. ವೀಟಾ ಎನಾಮಿಕ್ ಇದಕ್ಕೆ ಉದಾಹರಣೆ, ತೂಕದಲ್ಲಿ ಸುಮಾರು 86 ಪ್ರತಿಶತ ಸೆರಾಮಿಕ್. ಈ ಬಗೆಯ ವಸ್ತುಗಳ ವಿಷಯದಲ್ಲಿ 2015ರ ಒಂದು ಘಟನೆಯನ್ನು ತಿಳಿದಿರುವುದು ಒಳ್ಳೆಯದು. ಲಾವಾ ಅಲ್ಟಿಮೇಟ್ ಎಂಬ ನ್ಯಾನೋ ಸೆರಾಮಿಕ್ ಬ್ಲಾಕಿನಿಂದ ಮಾಡಿದ ಕ್ರೌನುಗಳು ನಿರೀಕ್ಷೆಗಿಂತ ಹೆಚ್ಚಾಗಿ ಅಂಟು ಬಿಟ್ಟು ಕಳಚುತ್ತಿದ್ದುದರಿಂದ ತಯಾರಕರಾದ 3ಎಂ ಆ ವರ್ಷ ಪೂರ್ಣ ಕ್ರೌನಿಗೆ ಅದನ್ನು ಬಳಸುವ ಸೂಚನೆಯನ್ನು ತಾವೇ ಹಿಂತೆಗೆದುಕೊಂಡರು. ಮೃದುವಾದ ಕ್ರೌನ್ ಅಗಿತದ ಭಾರಕ್ಕೆ ಬಾಗಿದಾಗ ಆ ಬಾಗುವಿಕೆಯ ಒತ್ತಡ ಅಂಟಿನ ಪದರದ ಮೇಲೆ ಬೀಳುತ್ತದೆ. ಅದಕ್ಕೇ ಹಿಂದಿನ ದವಡೆಯ ಇಂಪ್ಲಾಂಟಿಗೆ ಶಾಶ್ವತ ಕ್ರೌನಾಗಿ ಬರಿಯ ಕಾಂಪೋಸಿಟ್ ಬೇಡವೆಂದೇ ನನ್ನ ಸಲಹೆ.

ಬಣ್ಣ ಹಿಡಿಯುವ ವಿಚಾರ ನಮ್ಮ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು. ರಾಳ ನಿಧಾನವಾಗಿ ನೀರು ಹೀರುತ್ತದೆ, ನೀರಿನೊಡನೆ ಬಣ್ಣವನ್ನೂ. ಟೆಗ್‌ಡಿಎಂಎ ಹೆಚ್ಚಿರುವ ಕಾಂಪೋಸಿಟ್ ಬೇಗ ಬಣ್ಣ ಹಿಡಿಯುತ್ತದೆ, ಯುಡಿಎಂಎ ಎಂಬ ಇನ್ನೊಂದು ರಾಳದ ಆಧಾರದ್ದು ತಡವಾಗಿ. ಸಂಜೆ ಒಗ್ಗರಣೆ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನುವ ರೂಢಿಯಿರುವವರಿಗೆ ಅರಿಸಿನವೊಂದೇ ಸಾಕು, ಕೆಲವು ತಿಂಗಳಲ್ಲಿ ಹಳದಿ ಛಾಯೆ ಕಾಣಿಸಬಹುದು. ಪಾಲಿಶ್ ಮಾಡಿಸಿದರೆ ಮೇಲ್ಪದರದ ಕಲೆ ಹೋಗುತ್ತದೆ, ಆಳಕ್ಕಿಳಿದದ್ದು ಹೋಗುವುದಿಲ್ಲ. ಚನ್ನಗಿರಿ ಕಡೆಯ ಎಲೆ ಅಡಿಕೆ ಹಾಕುವವರಿಗೆ ಇದು ಇನ್ನೂ ಕಷ್ಟ. ಅಡಿಕೆ ಬಣ್ಣವನ್ನೂ ಕೂರಿಸುತ್ತದೆ, ಅದರ ಗಡಸು ಚೂರುಗಳು ಮೇಲ್ಮೈಯನ್ನೂ ಸವೆಸುತ್ತವೆ. ಅಡಿಕೆಯನ್ನು ಬಿಡಲಾಗದವರು ಕಾಂಪೋಸಿಟ್ ಮುಖವಿರುವ ಕ್ರೌನಿನ ಕಡೆಗೆ ಹೋಗದೆ ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಆರಿಸಿಕೊಳ್ಳಲಿ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದು ಬಣ್ಣಕ್ಕಿಂತ ಎಷ್ಟೋ ದೊಡ್ಡ ವಿಷಯ, ಅದನ್ನು ಬಿಡುವುದೇ ಮೊದಲ ಚಿಕಿತ್ಸೆ.

ಫ್ಲೋರೈಡ್ ಕಲೆಯ ಹಲ್ಲುಗಳ ಪಕ್ಕದಲ್ಲಿ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ಒಪ್ಪಿತ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹ್ಯ. ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಬಾಲ್ಯದಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಳಸೇರಿದರೆ ಎನಾಮಲಿನ ಕೆಳಪದರ ಸರಿಯಾಗಿ ಗಟ್ಟಿಗೊಳ್ಳದೆ ಸರಂಧ್ರವಾಗಿ ಉಳಿದು ಕಲೆಯಾಗಿ ಕಾಣುತ್ತದೆ. ಬಣ್ಣ ಹೋಲಿಸಿ ನೋಡುವ ಸಿದ್ಧ ಮಾದರಿಗಳಾದ ಶೇಡ್ ಗೈಡುಗಳು ಇಂಥ ಹಲ್ಲಿಗಾಗಿ ತಯಾರಾದವಲ್ಲ. ವೀಟಾ ಕ್ಲಾಸಿಕಲ್ ಗೈಡಿನಲ್ಲಿ ಎ1ರಿಂದ ಡಿ4ರವರೆಗೆ 16 ಛಾಯೆಗಳಿವೆ, ಅವುಗಳಲ್ಲಿ ಒಂದರಲ್ಲಿಯೂ ಕಲೆಯಿಲ್ಲ.

ಇಂಥ ಒಂದು ಮುಂಬಾಚಿ ಹಲ್ಲನ್ನು ಹತ್ತಿರದಿಂದ ನೋಡಿದರೆ ಏನು ಕಾಣುತ್ತದೆ? ಬುಡದ ಮೂರನೆಯ ಒಂದು ಭಾಗ ಬಹುತೇಕ ಸಹಜ ಬಣ್ಣದಲ್ಲಿರುತ್ತದೆ. ಅಲ್ಲಿಂದ ಕೆಳಗೆ ಅಡ್ಡಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು ಶುರುವಾಗಿ, ನಡುಭಾಗದಲ್ಲಿ ಒಂದಕ್ಕೊಂದು ಕೂಡಿಕೊಂಡು ಸೀಮೆಸುಣ್ಣದ ಮೋಡದಂತಹ ತೇಪೆಗಳಾಗುತ್ತವೆ. ಆ ತೇಪೆಗಳ ನಡುವೆ ಕೆಲವರಲ್ಲಿ ತಿಳಿ ಕಂದು, ಕೆಲವರಲ್ಲಿ ಕಾಫಿ ಬಣ್ಣದ ಪಟ್ಟಿಯಿರುತ್ತದೆ. ಹಲ್ಲು ಒಣಗಿದಂತೆ ಬಿಳಿ ಇನ್ನಷ್ಟು ಬೆಳ್ಳಗಾಗುತ್ತದೆ, ಉಗುಳಿನಲ್ಲಿ ತೊಯ್ದ ಕೂಡಲೇ ಹಿಂದೆ ಸರಿಯುತ್ತದೆ. ಇಂಥ ಐದು ಹಲ್ಲುಗಳ ನಡುವೆ ಒಂದೇ ಬಣ್ಣದ ಬ್ಲಾಕಿನಿಂದ ಕೊರೆದ, ನುಣ್ಣಗೆ ಹೊಳೆಯುವ ಕ್ರೌನೊಂದನ್ನು ಕೂರಿಸಿದರೆ ನೋಡಿದವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ.

ಕಾಂಪೋಸಿಟ್ ತನ್ನ ಪೂರ್ಣ ಯೋಗ್ಯತೆಯನ್ನು ತೋರಿಸುವ ಜಾಗ ಇದು. ಜಿರ್ಕೋನಿಯಾ ಅಥವಾ ಲಿಥಿಯಂ ಡೈಸಿಲಿಕೇಟ್ ಕ್ರೌನಿನ ಮುಖಭಾಗವನ್ನು ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ತಗ್ಗಿಸಿ, ಡೆಂಟಿನ್ ಪದರದ ಮೇಲೆ ಬಿಳಿ ಮತ್ತು ಕಂದು ಟಿಂಟನ್ನು ಅತಿ ಸಣ್ಣ ಕುಂಚದಿಂದ ಎಳೆದು, ಮೇಲೆ ಪಾರಭಾಸಕ ಎನಾಮಲ್ ಪದರ ಮುಚ್ಚಿದರೆ ಕಲೆ ಒಳಗಿನಿಂದ ಬಂದಂತೆ ಕಾಣುತ್ತದೆ. ಮೇಲ್ಮೈಗೆ ಬಳಿದ ಸ್ಟೇನಿನಲ್ಲಿ ಆ ಆಳ ಬರುವುದಿಲ್ಲ. ಸೆರಾಮಿಕ್ ಪದರಗಳಿಂದಲೂ ಇದನ್ನು ಸಾಧಿಸಬಹುದು, ಆದರೆ ಪ್ರತಿ ತಿದ್ದುಪಡಿಗೂ ಮತ್ತೊಮ್ಮೆ ಕುಲುಮೆಗೆ ಹೋಗಬೇಕು; ಕಾಂಪೋಸಿಟ್ಟಿನಲ್ಲಿ ರೋಗಿ ಕನ್ನಡಿ ಹಿಡಿದು ಕೂತಿರುವಾಗಲೇ ಒಂದು ಗೆರೆಯನ್ನು ಅಳಿಸಿ ಇನ್ನೊಂದನ್ನು ಎಳೆಯಬಹುದು. ಅಂಟಿನ ವಿಷಯದಲ್ಲಿ ಮಾತ್ರ ಶಿಸ್ತು ಬೇಕು. ಲಿಥಿಯಂ ಡೈಸಿಲಿಕೇಟಿಗೆ ಹೈಡ್ರೋಫ್ಲೋರಿಕ್ ಆಮ್ಲ ಮತ್ತು ಸೈಲೇನ್, ಜಿರ್ಕೋನಿಯಾಕ್ಕೆ ಮರಳಿನಂತಹ ಕಣಗಳ ಸಿಂಚನ ಮತ್ತು ಎಂಡಿಪಿ ಎಂಬ ಬಂಧಕ ಇರುವ ಪ್ರೈಮರ್. ಇವನ್ನು ಅದಲುಬದಲು ಮಾಡಿದರೆ ಪದರ ಕಳಚುತ್ತದೆ.

ಬೇರೊಂದು ದಾರಿಯೂ ಇದೆ, ಮತ್ತು ಕಲೆ ತಿಳಿಯಾಗಿರುವವರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ. ಸಹಜ ಹಲ್ಲುಗಳ ಕಲೆಯನ್ನು ಮೈಕ್ರೋಅಬ್ರೇಷನ್ (ಮೇಲ್ಪದರವನ್ನು ತುಸು ಉಜ್ಜಿ ತೆಗೆಯುವುದು), ಬ್ಲೀಚಿಂಗ್ ಅಥವಾ ತೆಳು ರಾಳವನ್ನು ಎನಾಮಲಿನ ರಂಧ್ರಗಳಿಗೆ ಇಳಿಸುವ ವಿಧಾನದಿಂದ ತಗ್ಗಿಸಿಕೊಂಡು, ಬಣ್ಣ ಸ್ಥಿರವಾಗಲು ಕನಿಷ್ಠ ಎರಡು ವಾರ ಬಿಟ್ಟು, ಆಮೇಲೆ ಇಂಪ್ಲಾಂಟಿನ ಕ್ರೌನನ್ನು ಹೊಂದಿಸುವುದು. ಕ್ರೌನ್ ಕೂರಿಸಿದ ಮೇಲೆ ಪಕ್ಕದ ಹಲ್ಲುಗಳನ್ನು ಬಿಳುಪಾಗಿಸಿದರೆ ಕ್ರೌನ್ ಹಿಂದೆ ಉಳಿಯುತ್ತದೆ, ಏಕೆಂದರೆ ಯಾವ ಬ್ಲೀಚೂ ಅದರ ಬಣ್ಣವನ್ನು ಬದಲಿಸಲಾರದು.

ಹಲ್ಲುಗಳೆಲ್ಲ ಹೋದವರಿಗೆ

ನಾಲ್ಕು ಅಥವಾ ಆರು ಇಂಪ್ಲಾಂಟುಗಳ ಮೇಲೆ ಇಡೀ ಸಾಲು ಕಟ್ಟಿಸುವವರ ಲೆಕ್ಕ ಬೇರೆ. ಅಲ್ಲಿ ಕಳೆದುಹೋದ ವಸಡನ್ನೂ ಮರಳಿ ಕಟ್ಟಬೇಕಾಗುತ್ತದೆ, ಗುಲಾಬಿ ಕಾಂಪೋಸಿಟ್ ಆ ಕೆಲಸವನ್ನು ಗುಲಾಬಿ ಪಿಂಗಾಣಿಗಿಂತ ಸಹಜವಾಗಿ ಮಾಡುತ್ತದೆ, ಏಕೆಂದರೆ ರಕ್ತನಾಳಗಳ ಕೆಂಪು ಎಳೆ, ನಮ್ಮ ಜನರ ವಸಡಿನಲ್ಲಿ ಸಾಮಾನ್ಯವಾಗಿರುವ ಕಂದು ವರ್ಣದ ಚುಕ್ಕೆಗಳನ್ನು ಪದರಗಳ ನಡುವೆ ಸೇರಿಸಬಹುದು. ಒಳಚೌಕಟ್ಟಿಗೆ ಟೈಟಾನಿಯಂ, ಗಾಜಿನ ನಾರಿನಿಂದ ಬಲಪಡಿಸಿದ ಕಾಂಪೋಸಿಟ್, ಪೀಕ್ ಎಂಬ ಪಾಲಿಮರ್ ಇವೆ. ಪೀಕಿನ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಬಾಗದೆ ನಿಲ್ಲುವ ಬಿಗಿತ, 3ರಿಂದ 4 ಗಿಗಾಪಾಸ್ಕಲ್, ಟೈಟಾನಿಯಂನದು ಸುಮಾರು 110. ಪೀಕಿನ ತೂಕವೂ ಬಹಳ ಕಡಿಮೆ. ಆದರೆ ಪೀಕ್ ಬೂದು ಬಿಳಿಯ ಅಪಾರದರ್ಶಕ ವಸ್ತು, ಬರಿದಾಗಿ ಅದು ಎಂದೂ ಹಲ್ಲಿನಂತೆ ಕಾಣದು, ಮೇಲೆ ಕಾಂಪೋಸಿಟ್ ಪದರ ಬೇಕೇ ಬೇಕು. ಎದುರು ದವಡೆಯಲ್ಲೂ ಇಂಪ್ಲಾಂಟ್ ಸಾಲೇ ಇದ್ದರೆ ಎರಡೂ ಕಡೆ ಜಿರ್ಕೋನಿಯಾ ಹಾಕಿಸುವ ಮುನ್ನ ವೈದ್ಯರೊಡನೆ ವಿವರವಾಗಿ ಮಾತನಾಡಬೇಕು; ಒಂದು ಸಾಲಾದರೂ ರಿಪೇರಿಯಾಗಬಲ್ಲ ವಸ್ತುವಿನದಿರುವುದು ಉಚಿತ.

ಈಗ ಬರುತ್ತಿರುವ ವಸ್ತುಗಳು

ಒಂದೇ ಕೊಳವೆಯಿಂದ ಎಲ್ಲ ಛಾಯೆಗೂ ಹೊಂದುವ ಕಾಂಪೋಸಿಟ್‌ಗಳ ಬಗ್ಗೆ ಈಗ ಹೆಚ್ಚು ಮಾತು ಕೇಳುತ್ತಿದೆ. ಜಪಾನಿನ ಟೊಕುಯಾಮಾ ಕಂಪನಿಯ ಆಮ್ನಿಕ್ರೋಮಾದಲ್ಲಿ ಬಣ್ಣದ ಪುಡಿಯಿಲ್ಲ. 260 ನ್ಯಾನೋಮೀಟರ್ ಗಾತ್ರದ ಒಂದೇ ಸಮನಾದ ಗೋಳಾಕಾರದ ಕಣಗಳು ಕೆಂಪಿನಿಂದ ಹಳದಿಯವರೆಗಿನ ಬೆಳಕನ್ನು ಹೊರಸೂಸಿ ಸುತ್ತಲಿನ ಹಲ್ಲಿನ ಬಣ್ಣದೊಡನೆ ಬೆರೆಯುತ್ತವೆ. ಸಹಜ ಹಲ್ಲಿನ ಸಣ್ಣ ಕುಳಿಗೆ ಇದು ಅದ್ಭುತವಾಗಿ ಒಪ್ಪುತ್ತದೆ. ಇಂಪ್ಲಾಂಟಿನ ಮೇಲೆ ಮಾತ್ರ ಸುತ್ತಲೂ ಹಲ್ಲಿಲ್ಲ, ಹಿಂದೆ ಲೋಹವೋ ಬಿಳಿ ಜಿರ್ಕೋನಿಯಾವೋ ಇದೆ. ಬೆರೆಯಲು ಏನೂ ಇಲ್ಲದಿದ್ದರೆ ಆ ಗುಣ ಕೆಲಸಕ್ಕೆ ಬರುವುದಿಲ್ಲ. ಬುಡದಿಂದ ತುದಿಗೆ ಬಣ್ಣವೂ ಪಾರದರ್ಶಕತೆಯೂ ಹಂತಹಂತವಾಗಿ ಬದಲಾಗುವ ಪದರ ಜಿರ್ಕೋನಿಯಾ ಇದಕ್ಕಿಂತ ಹೆಚ್ಚು ಉಪಯುಕ್ತ ಬೆಳವಣಿಗೆ ಎಂದು ನನಗನಿಸುತ್ತದೆ. ಪ್ರತಿದೀಪ್ತಿಯ ಕೊರತೆಯನ್ನೂ ಸರಿಪಡಿಸುವ ಪ್ರಯತ್ನ ನಡೆದಿದೆ. ಸಹಜ ಡೆಂಟಿನ್ ನೇರಳಾತೀತ ಬೆಳಕಿನಲ್ಲಿ ನೀಲಿ ಬಿಳಿಯಾಗಿ ಬೆಳಗುತ್ತದೆ, ಸಾದಾ ಜಿರ್ಕೋನಿಯಾ ಬೆಳಗುವುದಿಲ್ಲ. ಅಂಥ ದೀಪವಿರುವ ಮದುವೆ ಆರತಕ್ಷತೆಯ ವೇದಿಕೆಯಲ್ಲಿ ನಿಂತಾಗ ಆ ಒಂದು ಹಲ್ಲು ಮಾತ್ರ ಕಪ್ಪಗೆ ಕಾಣುವುದು ಇದರಿಂದಲೇ.

ಆಯ್ಕೆಗೆ ಮುನ್ನ ಮಾಡಿಸಬೇಕಾದದ್ದು

ಬಣ್ಣ ಹೊಂದಿಸುವ ಕೆಲಸ ಅಪಾಯಿಂಟ್‌ಮೆಂಟಿನ ಮೊದಲ ಐದು ನಿಮಿಷದಲ್ಲಿ ಮುಗಿಯಬೇಕು. ಬಾಯಿ ತೆರೆದುಕೊಂಡು ಕೂತಷ್ಟೂ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಆಗ ಆರಿಸಿದ ಛಾಯೆ ಮರುದಿನ ತಪ್ಪಾಗಿ ಕಾಣುತ್ತದೆ. ತುಟಿಬಣ್ಣ ಒರೆಸಿಕೊಂಡು, ಕಿಟಕಿಯ ಹಗಲು ಬೆಳಕಿನಲ್ಲಿ ಒಮ್ಮೆ, ಒಳಗಿನ ದೀಪದಲ್ಲಿ ಒಮ್ಮೆ ನೋಡಿಸಿಕೊಳ್ಳಬೇಕು. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗಬಹುದು. ಶೇಡ್ ತುಂಡನ್ನು ಹಲ್ಲಿನ ಪಕ್ಕ ಹಿಡಿದು ತೆಗೆದ ಫೋಟೋ ಲ್ಯಾಬಿಗೆ ಹೋಗಲಿ, ಕಲೆಯಿರುವ ಹಲ್ಲಾದರೆ ತೊಯ್ದಾಗಿನದು ಮತ್ತು ಒಣಗಿದಾಗಿನದು ಎರಡೂ. ತಂತ್ರಜ್ಞರೇ ಬಂದು ಕಣ್ಣಾರೆ ನೋಡುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಮೇಲು ಯಾವುದೂ ಇಲ್ಲ.

ಮೂಳೆ ಬೆಸೆಯುವ ತಿಂಗಳುಗಳಲ್ಲಿ ಹಾಕುವ ತಾತ್ಕಾಲಿಕ ಕ್ರೌನನ್ನೂ ಉಪಯೋಗಿಸಿಕೊಳ್ಳಬೇಕು. ಅದನ್ನು ಕಾಂಪೋಸಿಟ್ ಅಥವಾ ಅಕ್ರಿಲಿಕ್ಕಿನಲ್ಲಿ ಮಾಡಿ, ಬುಡದ ಆಕಾರವನ್ನು ಸ್ವಲ್ಪಸ್ವಲ್ಪವೇ ಉಬ್ಬಿಸುತ್ತ ವಸಡನ್ನು ಒತ್ತಿ ರೂಪಿಸುತ್ತಾರೆ. ಅಂತಿಮ ಕ್ರೌನ್ ಆ ಆಕಾರವನ್ನೇ ಅನುಸರಿಸುತ್ತದೆ. ಮುಂಭಾಗದ ಹಲ್ಲಿಗೆ ಈ ಹಂತವನ್ನು ಬಿಟ್ಟು ನೇರವಾಗಿ ಶಾಶ್ವತ ಕ್ರೌನಿಗೆ ಹೋಗುವ ಆತುರ ಬೇಡ. ಕೊನೆಗೆ ಅಂಟಿಸುವ ಮುನ್ನ ಕ್ರೌನನ್ನು ತಾತ್ಕಾಲಿಕವಾಗಿ ಕೂರಿಸಿ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಮಾತನಾಡುವಷ್ಟು ದೂರದಿಂದ ನೋಡಿಸಬೇಕು. ಸರಿಯೆನಿಸಿದರೆ ತಿರುಪಿನ ಕಂಪನಿ ಮತ್ತು ಅಳತೆ, ಅಬಟ್‌ಮೆಂಟಿನ ಬಗೆ, ಕ್ರೌನಿನ ವಸ್ತುವಿನ ಪೂರ್ಣ ಹೆಸರು, ಬಳಸಿದ ಶೇಡ್ ಮತ್ತು ಟಿಂಟುಗಳ ಸಂಖ್ಯೆ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು, ಪ್ಯಾಕೆಟ್ಟಿನ ಸ್ಟಿಕರುಗಳನ್ನು ಅದಕ್ಕೇ ಅಂಟಿಸಿಕೊಳ್ಳಬೇಕು. ಮುಂದೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವಾಗ ಕ್ರೌನ್ ಸಡಿಲಾದರೆ, ಅಲ್ಲಿನ ವೈದ್ಯರಿಗೆ ಸರಿಯಾದ ಸ್ಕ್ರೂಡ್ರೈವರ್ ಯಾವುದು, ಚಕ್ಕೆ ಎದ್ದ ಜಾಗಕ್ಕೆ ಯಾವ ಪ್ರೈಮರ್ ಹಚ್ಚಬೇಕು ಎಂಬುದು ಆ ಹಾಳೆಯಿಂದಲೇ ತಿಳಿಯುತ್ತದೆ.